ಅಪ್ಪನ ಪುಸ್ತಕದ ಮೂರು ಸೊನ್ನೆಗಳು

ಅಪ್ಪನ ಲೆಕ್ಕದ ಪುಸ್ತಕದ ನಡುವೆ ಒಂದು ಪುಟವಿದೆ. ಮೇಲುಗಡೆ ಅವರ ದಪ್ಪಕ್ಷರದಲ್ಲಿ ‘ಬಾಮೈದನ ಗದ್ದೆ, ಮಳವಳ್ಳಿ’ ಎಂದು ಬರೆದಿದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಮಾಡಿದ ಮನೆಗಳು. ಒಂದೊಂದು ಮನೆಗೆ ಒಂದೊಂದು ಸೊನ್ನೆ. ಕೆಲವು ಸೊನ್ನೆಗೆ ಪೂರ್ತಿ ಇಂಕು ತುಂಬಿದ್ದಾರೆ, ಕೆಲವಕ್ಕೆ ಅರ್ಧ, ಉಳಿದವು ಬರಿ ಸೊನ್ನೆ. ಕೂಲಿ, ಗೊಬ್ಬರ, ಮೂಟೆ ಎಂದು ಉಳಿದ ಪುಟಗಳಲ್ಲೆಲ್ಲ ತುಂಬಿರುವ ಲೆಕ್ಕ ಇಲ್ಲಿಲ್ಲ. ಪುಟದ ಕೊನೆಯಲ್ಲಿ ಒಂದೇ ಒಂದು ಮಾತಿದೆ: ‘ಯಾಕೆ?’

ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಸಿಕ್ಕ ಪುಸ್ತಕ ಅದು. ಸಸ್ಯಶಾಸ್ತ್ರ ಓದಿದವಳು ನಾನು. ಆದರೂ ಆ ಪುಟ ನನಗೆ ಬಹಳ ದಿನ ಬಗ್ಗಲಿಲ್ಲ. ಮೊದಲು ನಾನು ಅದನ್ನು ಚಂದ್ರನ ಲೆಕ್ಕ ಅಂದುಕೊಂಡೆ. ಕಪ್ಪು ಸೊನ್ನೆ ಅಮಾವಾಸ್ಯೆ, ಬಿಳಿ ಸೊನ್ನೆ ಹುಣ್ಣಿಮೆ, ಅರ್ಧ ಕಪ್ಪಿನದು ಅಷ್ಟಮಿ. ಬಿತ್ತನೆಗೆ ಪಂಚಾಂಗ ನೋಡುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಹಳೆಯ ಪಂಚಾಂಗಗಳನ್ನು ಹುಡುಕಿ ತಂದು ಮನೆಯಿಂದ ಮನೆಗೆ ಹೊಂದಿಸಿ ನೋಡಿದೆ. ಹೊಂದಲಿಲ್ಲ. ಮೂರು ಕಪ್ಪು, ಒಂದು ಬಿಳಿ, ಮತ್ತೆ ಎರಡು ಕಪ್ಪು, ಒಂದು ಅರ್ಧ: ಚಂದ್ರ ಹೀಗೆ ಮನಬಂದಂತೆ ನಡೆಯುವುದಿಲ್ಲ. ತಲೆಬರಹದಲ್ಲಿದ್ದದ್ದು ‘ಗದ್ದೆ’ ಎಂಬ ಮಾತು. ಹುಡುಕಬೇಕಾದದ್ದು ಆಕಾಶದಲ್ಲಲ್ಲ, ಕೆಸರಿನಲ್ಲಿ ಎಂದು ಆಗ ಹೊಳೆಯಿತು.

ಮದ್ದೂರಿನ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಊರು ನಮ್ಮದು. 1930ರ ದಶಕದ ಶುರುವಿನಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಆಗಿನ ಇರ್ವಿನ್ ನಾಲೆಯಲ್ಲಿ ಹರಿದು ಬಂದಾಗ ಮಂಡ್ಯದ ಸೀಮೆ ರಾಗಿ, ಹುರುಳಿಯಿಂದ ಕಬ್ಬು, ಭತ್ತಕ್ಕೆ ಹೊರಳಿತು. ಆ ನಾಲೆಯ ಹೆಸರಿನಲ್ಲೇ ಮಂಡ್ಯದ ಪಕ್ಕ ಒಂದು ಸಂಶೋಧನಾ ತಾಕು ಹುಟ್ಟಿತು. ಕಾಗದದಲ್ಲಿ ಅದಕ್ಕೆ ವಲಯ ಕೃಷಿ ಸಂಶೋಧನಾ ಕೇಂದ್ರ ಎಂದು ಹೆಸರು. ನಮ್ಮ ಬಾಯಲ್ಲಿ ಅದು ಇವತ್ತಿಗೂ ವಿ.ಸಿ. ಫಾರಂ. ಮಂಡ್ಯದ ರೈತನಿಗೆ ಹೊಸ ಬೀಜ ಅಂದರೆ ಅಲ್ಲಿಂದ ಬಂದದ್ದು.

1990ರ ದಶಕದ ಕೊನೆಯಲ್ಲಿ ಅಪ್ಪ ಬೀಜೋತ್ಪಾದನೆಗೆ ಗದ್ದೆ ಕೊಟ್ಟಿದ್ದರು. ಎಂಟು ಸಾಲು ಹೆಣ್ಣು, ಎರಡು ಸಾಲು ಗಂಡು, ಮತ್ತೆ ಎಂಟು, ಮತ್ತೆ ಎರಡು. ಬೇಸಿಗೆ ಬೆಳೆಯ ಗದ್ದೆ ಪೂರ್ತಿ ಹೀಗೆ ನಾಟಿಯಾಗಿರುತ್ತಿತ್ತು. ತೆನೆ ಹೊರಟ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಚುರುಕಾಗಿ ಭತ್ತದ ಹೂ ಬಾಯಿಬಿಡುವ ಹೊತ್ತಿಗೆ, ಅಮ್ಮ ಒಂದು ಬದುವಿನಲ್ಲಿ ನಾನು ಇನ್ನೊಂದು ಬದುವಿನಲ್ಲಿ ನಿಂತು ಉದ್ದನೆಯ ಹಗ್ಗದ ತುದಿ ಹಿಡಿಯುತ್ತಿದ್ದೆವು. ಹಗ್ಗ ತೆನೆಗಳ ತಲೆ ಸವರಿಕೊಂಡು ಹೋಗಬೇಕು. ಗಂಡು ತೆನೆ ಅಲುಗಿದಾಗ ಹಳದಿ ಧೂಳೆದ್ದು ಹೆಣ್ಣು ಸಾಲಿನ ಮೇಲೆ ಕೂರುತ್ತಿತ್ತು. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ, ಇನ್ನೂ ಅರ್ಧ ಗಂಟೆಗೆ ಮಗದೊಮ್ಮೆ. ‘ಹಗ್ಗ ಸಡ್ಲ ಬುಡ್‌ಬ್ಯಾಡ ಕಣವ್ವ, ಹೂವ ಬಾಯಿ ಮುಚ್ಕತದೆ’ ಎಂದು ಅಪ್ಪ ಬದುವಿನ ಮೇಲಿಂದ ಕೂಗುತ್ತಿದ್ದರು. ಅವರ ಅವಸರಕ್ಕೆ ಅರ್ಥವಿತ್ತು. ಭತ್ತದ ಹೂ ತೆರೆದಿರುವುದು ಸ್ವಲ್ಪ ಹೊತ್ತು. ಉದುರಿದ ಪರಾಗ ಬದುಕುವುದು ಕೆಲವೇ ನಿಮಿಷ.

ಆ ‘ಹೆಣ್ಣು’ ಸಾಲಿನ ಹೂವೊಂದನ್ನು ನಾನು ಚಿಕ್ಕವಳಿದ್ದಾಗಲೇ ಉಗುರಿನಲ್ಲಿ ಬಿಡಿಸಿ ನೋಡಿದ್ದೆ. ಅದರೊಳಗೂ ಆರು ಕೇಸರಗಳಿದ್ದವು. ಗಂಡು ಸಾಲಿನಲ್ಲಿ ಅವು ದುಂಡಗೆ ಹಳದಿಯಾಗಿದ್ದರೆ ಇಲ್ಲಿ ಬಿಳಿಚಿಕೊಂಡು ಸೊರಗಿದ್ದವು. ಹಾಗಾದರೆ ಇದು ಹೆಣ್ಣಲ್ಲ. ಗಂಡುತನ ಬತ್ತಿಹೋದ ದ್ವಿಲಿಂಗಿ ಹೂವು. ಅದು ಬತ್ತಿದ್ದು ಎಲ್ಲಿ, ಯಾವ ಗಳಿಗೆಯಲ್ಲಿ? ಅಪ್ಪನ ‘ಯಾಕೆ’ಯ ಬೇರು ಅಲ್ಲೇ ಇರಬೇಕೆಂದುಕೊಂಡು ನಾನು ಬಿಡುಗಡೆಯಾದ ತಳಿಗಳ ದಾಖಲೆಗಳಿಂದ ಹುಡುಕಾಟ ಶುರುಮಾಡಿದೆ.

ಪುಸ್ತಕದಲ್ಲಿ ಬೀಜದ ಹೆಸರು ‘ಕೆಆರ್‌ಎಚ್-2’ ಎಂದಿತ್ತು. ಕರ್ನಾಟಕ ರೈಸ್ ಹೈಬ್ರಿಡ್, ಎರಡನೆಯದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1989ರ ಕೊನೆಯಲ್ಲಿ ಹೈಬ್ರಿಡ್ ಭತ್ತದ ದೊಡ್ಡ ಯೋಜನೆ ಕೈಗೊಂಡಾಗ ಮಂಡ್ಯವೂ ಅದರ ಒಂದು ಕೇಂದ್ರವಾಗಿತ್ತು. 1994ರಲ್ಲಿ ಕೆಆರ್‌ಎಚ್-1 ಹೊರಬಂತು. ದೇಶದ ಮೊದಲ ಹೈಬ್ರಿಡ್ ಭತ್ತಗಳ ಸಾಲಿನಲ್ಲಿ ಅದಿದೆ. ಎರಡು ವರ್ಷ ಕಳೆದು 1996ರಲ್ಲಿ ಬಂದ ಕೆಆರ್‌ಎಚ್-2 ರಾಜ್ಯದ ಗಡಿ ದಾಟಿ ಹೆಸರು ಮಾಡಿತು. ಈ ಕೆಲಸದ ಮುಂಚೂಣಿಯಲ್ಲಿದ್ದವರು ಚಾಮರಾಜನಗರ ಸೀಮೆಯ ಮಾದಾಪುರದಲ್ಲಿ 1937ರಲ್ಲಿ ಹುಟ್ಟಿದ, ಜನ ‘ರೈಸ್ ಮಹದೇವಪ್ಪ’ ಎಂದೇ ಕರೆದ ವಿಜ್ಞಾನಿ ಎಂ. ಮಹದೇವಪ್ಪ. 2013ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ತಳಿಯ ದಾಖಲೆಯಲ್ಲಿ ಹೆತ್ತವರ ಹೆಸರು ಹೀಗಿದೆ: ತಾಯಿ ಐಆರ್ 58025ಎ, ತಂದೆ ಕೆಎಂಆರ್-3ಆರ್. ತಂದೆ ಮಂಡ್ಯದವನೇ. ತಾಯಿಯ ಹೆಸರಿನ ‘ಐಆರ್’ ಫಿಲಿಪೀನ್ಸಿನ ಲಾಸ್ ಬಾನೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗುರುತು. ತಾಯಿಯ ವಂಶದಲ್ಲಿ ದೆಹಲಿಯ ಪೂಸಾದ ಒಂದು ತಳಿಯೂ ಸೇರಿದೆ. ಹೆಸರಿನ ಕೊನೆಯ ‘ಎ’ ಮತ್ತು ‘ಆರ್’ ಎಂಬ ಒಂಟಿ ಅಕ್ಷರಗಳೇ ನನಗೆ ದಾರಿ ತೋರಿಸಿದವು. ‘ಎ’ ಎಂದರೆ ಪರಾಗ ಬತ್ತಿದ ಸಾಲು. ಅದರ ಪಕ್ಕದ ‘ಬಿ’ ನೋಡಲು ಅದರ ಅವಳಿ, ಪರಾಗ ಮಾತ್ರ ಸರಿಯಿದೆ. ‘ಎ’ಗೆ ‘ಬಿ’ಯ ಪರಾಗ ಕೊಟ್ಟರೆ ಮಕ್ಕಳು ಮತ್ತೆ ‘ಎ’ಗಳೇ ಆಗುತ್ತವೆ. ‘ಆರ್’ ಪುನಃಸ್ಥಾಪಕ, ‘ಎ’ಗೆ ಇದರ ಪರಾಗ ಕೊಟ್ಟರೆ ಮಗುವಿನ ಹೂವಿಗೆ ಗಂಡುತನ ಮರಳುತ್ತದೆ, ತೆನೆ ತುಂಬುತ್ತದೆ. ನಮ್ಮ ಗದ್ದೆಯ ಎಂಟು ಸಾಲು ‘ಎ’, ಎರಡು ಸಾಲು ‘ಆರ್’.

ಇದರಲ್ಲೊಂದು ಸುಳಿವಿದೆ. ‘ಬಿ’ಯ ಪರಾಗ ಎಷ್ಟು ಸಲ ಬೆರೆತರೂ ‘ಎ’ಯ ದೋಷ ಹೋಗುವುದಿಲ್ಲ. ಹಾಗಾದರೆ ದೋಷ ತಾಯಿಯಿಂದ ಮಾತ್ರ ಬರುವಂಥದ್ದು. ಕೋಶದ ನಡುವಿನ ನ್ಯೂಕ್ಲಿಯಸ್ಸಿಗೆ ತಂದೆತಾಯಿ ಇಬ್ಬರ ಪಾಲೂ ಇರುತ್ತದೆ; ಸುತ್ತಲಿನ ರಸದಲ್ಲಿರುವ ಮೈಟೊಕಾಂಡ್ರಿಯ ತಾಯಿಯ ಬಳುವಳಿ. ಕೋಶಕ್ಕೆ ಶಕ್ತಿ ಒದಗಿಸುವ ಆ ಸಣ್ಣ ಒಲೆಗಳಿಗೆ ತಮ್ಮದೇ ಒಂದಿಷ್ಟು ಡಿಎನ್‌ಎ ಇದೆ. ನಾನು ಹುಡುಕುತ್ತಿದ್ದದ್ದು ಒಲೆಯೊಳಗಿನ ಕಿಡಿಯನ್ನು.

ಮೊದಲು ನಾನು ತಪ್ಪು ದಾರಿ ಹಿಡಿದೆ. ಪರಾಗ ಇಲ್ಲವೆಂದರೆ ಪರಾಗ ಹುಟ್ಟಿಸುವ ಕೋಶವಿಭಜನೆಯೇ ನಿಂತಿರಬೇಕು ಎಂದು ಊಹಿಸಿದೆ. ಊಹೆಗೆ ಕಾರಣವಿತ್ತು. ಹೂವು ಎಂದರೆ ವಿಭಜನೆಯ ಲೆಕ್ಕಾಚಾರ. ಯಾವ ಕೋಶ ಎಷ್ಟು ಸಲ ಒಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಕಟ್ಟುಪಾಡಿನಿಂದಲೇ ಎಸಳಿಗೆ ಆಕಾರ, ಕೇಸರಕ್ಕೆ ಎಣಿಕೆ. ಈ ಕಟ್ಟುಪಾಡಿನ ಬಗ್ಗೆ ದೊಡ್ಡ ಕೆಲಸ ಮಾಡಿದವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ನಾಥ್, ಇಂಗ್ಲೆಂಡಿನ ಎನ್ರಿಕೊ ಕೋಯೆನ್ ಅವರ ತಂಡದಲ್ಲಿದ್ದಾಗ, ಸ್ನ್ಯಾಪ್‌ಡ್ರಾಗನ್ ಗಿಡದ ‘ಸಿನ್’ ಎಂಬ ಜೀನನ್ನು ಬಗೆದು ನೋಡಿದರು. ಆ ಬರಹ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಎಲೆ ಬೆಳೆಯುವಾಗ ವಿಭಜನೆ ಮೊದಲು ತುದಿಯಲ್ಲಿ ನಿಲ್ಲುತ್ತದೆ, ಆಮೇಲೆ ಆ ನಿಲುಗಡೆ ಅಲೆಯಂತೆ ಬುಡದ ಕಡೆಗೆ ಇಳಿಯುತ್ತದೆ. ‘ಸಿನ್’ ಕೆಟ್ಟರೆ ಅಂಚಿನ ಕೋಶಗಳು ಹೇಳಿದ ಹೊತ್ತಿಗೆ ನಿಲ್ಲದೆ ಒಡೆಯುತ್ತಲೇ ಹೋಗಿ ಚಪ್ಪಟೆಯಾಗಿರಬೇಕಾದ ಎಲೆಯ ಅಂಚು ಸೀರೆಯ ನಿರಿಗೆಯಂತೆ ಸುಕ್ಕುತ್ತದೆ. ಮರುವರ್ಷ ಅದೇ ತಂಡ ಹೂವನ್ನು ನೋಡಿದಾಗ ಕಂಡದ್ದು ಬೇರೆ: ಎಸಳಿನಲ್ಲಿ ‘ಸಿನ್’ ಬೆಳವಣಿಗೆಯನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಎಲೆಯಲ್ಲಿ ‘ಸಾಕು’ ಎನ್ನುವ ಜೀನೇ ಎಸಳಿನಲ್ಲಿ ‘ಇನ್ನಷ್ಟು’ ಎನ್ನುತ್ತದೆ.

ಅದೇ ಸಂಸ್ಥೆಯ ಉಷಾ ವಿಜಯರಾಘವನ್ ಅವರ ತಂಡ ಹಿಡಿದದ್ದು ಭತ್ತದ ಹೂವನ್ನೇ. ಓಎಸ್‌ಮ್ಯಾಡ್ಸ್1 ಎಂಬ ಜೀನಿನ ಕೆಲಸ ಕುಗ್ಗಿಸಿದರೆ ಕಾಳಿನ ಹೊಟ್ಟಾಗಬೇಕಾದ ಎರಡು ಕವಚಗಳು ಎಲೆಯ ಚಹರೆ ತಾಳುತ್ತವೆ, ಒಳಗಿನ ಅಂಗಗಳೂ ದಿಕ್ಕು ತಪ್ಪುತ್ತವೆ ಎಂದು ಅವರು 2005ರಲ್ಲಿ ಪ್ರಕಟಿಸಿದರು. ನಾವು ಕಣದಲ್ಲಿ ತೂರಿ ಬಿಡುವ ಹೊಟ್ಟಿನ ಹಿಂದೆಯೂ ಒಂದು ಜೀನಿನ ಕಾವಲಿದೆ ಎಂದು ಓದಿದ ದಿನ ಮೊರ ಹಿಡಿದ ಅಮ್ಮನ ಕೈ ಕಣ್ಣಿಗೆ ಕಟ್ಟಿತು.

ಈ ಓದಿನ ಗುಂಗಿನಲ್ಲಿ ನಾನು ‘ಎ’ ಸಾಲಿನ ಹೂವಿನಲ್ಲಿ ಯಾವುದೋ ವಿಭಜನೆ ಶುರುವಿನಲ್ಲೇ ನಿಂತಿದೆ ಎಂದು ನಂಬಿದ್ದೆ. ಅಣುದರ್ಶಕದ ಕೆಳಗೆ ನೋಡಿದವರ ಬರಹಗಳು ಬೇರೆ ಕತೆ ಹೇಳಿದವು.

ಭತ್ತದ ಪರಾಗಕೋಶದೊಳಗೆ ಮೊದಲು ಪರಾಗದ ತಾಯಿಕೋಶಗಳು ಹುಟ್ಟುತ್ತವೆ. ಒಂದೊಂದು ತಾಯಿಕೋಶವೂ ಎರಡು ಸಲ ಒಡೆದು ನಾಲ್ಕಾಗುತ್ತದೆ. 24 ವರ್ಣತಂತುಗಳಿದ್ದಲ್ಲಿ ಮಕ್ಕಳಿಗೆ ಹನ್ನೆರಡೇ ಉಳಿಯುತ್ತವೆ. ಇದು ಮಿಯಾಸಿಸ್. ನಾಲ್ಕೂ ಬಿಡಿಬಿಡಿಯಾಗಿ, ಒಂದೊಂದೂ ಮತ್ತೆ ಎರಡು ಸಲ ಮಾಮೂಲು ವಿಭಜನೆಗೆ ಒಳಗಾಗಿ, ಹಿಟ್ಟು ತುಂಬಿಕೊಂಡು ಪರಾಗವಾಗಿ ಮಾಗುತ್ತದೆ. ‘ಎ’ ಸಾಲಿನ ಹೂವಿನಲ್ಲಿ ಮಿಯಾಸಿಸ್ ನಡೆಯುತ್ತದೆ. ತಾಯಿಕೋಶ ನಾಲ್ಕಾಗುತ್ತದೆ, ನಾಲ್ಕೂ ಬಿಡುಗಡೆಯಾಗುತ್ತವೆ. ಮುಂದಿನ ವಿಭಜನೆಗೆ ಕಾಲಿಡುವ ಮುನ್ನ ಅವು ಮುರುಟಿಹೋಗುತ್ತವೆ. ಅಯೋಡಿನ್ ಹಾಕಿ ನೋಡಿದರೆ ಒಳ್ಳೆಯ ಪರಾಗ ದುಂಡಗೆ ನೀಲಿಗಪ್ಪಾಗುತ್ತದೆ. ಇವು ಸೊಟ್ಟಗೆ, ಬಣ್ಣ ಹಿಡಿಯದೆ ಉಳಿಯುತ್ತವೆ. ಹುಟ್ಟು ಸರಿಯಾಗಿಯೇ ಆಗಿದೆ, ಕೆಟ್ಟದ್ದು ಬಾಣಂತನ.

ಬಾಣಂತನ ಮಾಡುವುದು ಯಾರು? ಪರಾಗಕೋಶದ ಗೋಡೆಯ ನಾಲ್ಕು ಪದರಗಳಲ್ಲಿ ತೀರ ಒಳಗಿನದು ಟಪೀಟಮ್. ಒಂದೇ ಕೋಶದಷ್ಟು ದಪ್ಪದ ಪದರ. ಎಳೆಯ ಪರಾಗಕ್ಕೆ ಉಣಿಸುವುದು, ಮೈಮೇಲಿನ ಕವಚಕ್ಕೆ ಸರಕು ಕೊಡುವುದು ಅದರ ಕೆಲಸ. ಕೆಲಸ ಮುಗಿಸುತ್ತ ಟಪೀಟಮ್ ತಾನೇ ಕರಗಿ ಮಕ್ಕಳಿಗೆ ಆಹಾರವಾಗುತ್ತದೆ. ಈ ಸಾವು ಗಿಡ ಬರೆದಿಟ್ಟ ಸಾವು, ಮುಹೂರ್ತ ತಪ್ಪಬಾರದು. ಟಪೀಟಮ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಪಾನಿನ ನೊನೊಮುರ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದರು. ಭತ್ತದ ಎಂಎಸ್‌ಪಿ1 ಜೀನು ಕೆಟ್ಟರೆ ತಾಯಿಕೋಶಗಳು ಮಿತಿಮೀರಿ ಹುಟ್ಟುತ್ತವೆ, ಟಪೀಟಮ್ ಮಾತ್ರ ಏಳುವುದೇ ಇಲ್ಲ. ಹೆರುವವರ ಸಾಲು ದೊಡ್ಡದು, ಸಾಕುವವರೇ ಇಲ್ಲ. ಕೊನೆಗೆ ಒಂದು ಪರಾಗವೂ ಮಾಗುವುದಿಲ್ಲ. ಎಷ್ಟು ಕೋಶ ಹೆರಬೇಕು, ಎಷ್ಟು ಕೋಶ ಸಾಕಬೇಕು ಎಂದು ಹೂವು ಮೊದಲೇ ಹಂಚಿಟ್ಟಿರುತ್ತದೆ.

ನಮ್ಮ ‘ಎ’ ಸಾಲಿನಲ್ಲಿ ಈ ಹಂಚಿಕೆಯೂ ಸರಿಯಿತ್ತು. ಮತ್ತೇನು ತಪ್ಪಿತು? ಉತ್ತರಕ್ಕೆ ಕಡತ ನನ್ನನ್ನು ಚೀನಾಕ್ಕೆ ಕರೆದೊಯ್ದಿತು.

1960ರ ದಶಕದಲ್ಲಿ ಹುನಾನ್ ಪ್ರಾಂತ್ಯದ ಕೃಷಿ ಶಾಲೆಯೊಂದರ ಮೇಷ್ಟ್ರು ಯುವಾನ್ ಲಾಂಗ್‌ಪಿಂಗ್ ಭತ್ತದ ಗದ್ದೆಗಳಲ್ಲಿ ಬತ್ತಿದ ಕೇಸರದ ಗಿಡಗಳನ್ನು ಹುಡುಕುತ್ತ ಅಲೆದರು. ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಭತ್ತದಲ್ಲಿ ಹೈಬ್ರಿಡ್ ಮಾಡಬೇಕಾದರೆ ಗಂಡುತನವಿಲ್ಲದ ಗಿಡವೇ ಬೇಕು. 1970ರ ನವೆಂಬರಿನಲ್ಲಿ ಹೈನಾನ್ ದ್ವೀಪದ ಜೌಗಿನಲ್ಲಿ ಅವರ ಶಿಷ್ಯ ಲಿ ಬಿಹು ಅವರಿಗೆ ಒಂದು ಕಾಡುಭತ್ತ ಕಂಡಿತು; ಅದರ ಕೇಸರಗಳು ಸೊರಗಿದ್ದವು. ‘ವೈಲ್ಡ್ ಅಬಾರ್ಟಿವ್’ ಎಂಬ ಹೆಸರಿನಲ್ಲಿ, ‘ಡಬ್ಲ್ಯುಎ’ ಎಂಬ ಎರಡಕ್ಷರದಲ್ಲಿ, ಆ ಗಿಡದ ಕೋಶರಸ ತಾಯಿಯಿಂದ ಮಗಳಿಗೆ ದಾಟುತ್ತ ಲಾಸ್ ಬಾನೋಸ್ ಸೇರಿತು, ಐಆರ್ 58025ಎ ಆಗಿ ಮಂಡ್ಯಕ್ಕೆ ಬಂತು. ನಾನು ಹಗ್ಗ ಎಳೆದ ಎಂಟು ಸಾಲುಗಳ ತಾಯಿಯ ತಾಯಿಯ ತಾಯಿ ಹೈನಾನಿನ ಕೆರೆಯಂಚಿನ ಒಂದು ಹುಲ್ಲು.

ಅಷ್ಟು ವರ್ಷ ಹೈಬ್ರಿಡ್ ಭತ್ತ ಕೋಟ್ಯಂತರ ಜನರ ಹೊಟ್ಟೆ ತುಂಬಿದರೂ ಆ ಹೂವಿನೊಳಗೆ ನಡೆದದ್ದೇನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 2013ರಲ್ಲಿ ಗುವಾಂಗ್‌ಝೌನ ಲಿಯು ಯಾವೊಗುವಾಂಗ್ ಅವರ ತಂಡ ‘ನೇಚರ್ ಜೆನೆಟಿಕ್ಸ್’ನಲ್ಲಿ ಉತ್ತರ ಕೊಟ್ಟಿತು. ಮೈಟೊಕಾಂಡ್ರಿಯದಲ್ಲಿ ಡಬ್ಲ್ಯುಎ352 ಎಂಬ ಜೀನಿದೆ. ಅದು ಕೌದಿಯಂತೆ ಹೊಲಿದ ಜೀನು: ಅಲ್ಲೊಂದು ಇಲ್ಲೊಂದು ಡಿಎನ್‌ಎ ತುಂಡು ಕೂಡಿಕೊಂಡು ಕಾಡುಭತ್ತದಲ್ಲಿ ಹುಟ್ಟಿದ್ದು. ಅದು ತಯಾರಿಸುವ ಪ್ರೋಟೀನಿನಲ್ಲಿ 352 ಅಮೈನೊ ಆಮ್ಲಗಳಿವೆ. ಎಲೆ, ಬೇರುಗಳಿಗೆ ಅದರ ಕಾಟವಿಲ್ಲ. ಪರಾಗದ ತಾಯಿಕೋಶಗಳು ತಯಾರಾಗುವ ಹೊತ್ತಿಗೆ ಅದು ಟಪೀಟಮ್‌ನಲ್ಲಿ ಕೂಡಿಕೊಳ್ಳುತ್ತದೆ, ಕಾಕ್ಸ್11 ಎಂಬ ಇನ್ನೊಂದು ಪ್ರೋಟೀನಿನ ಕೈ ಕಟ್ಟುತ್ತದೆ. ಕಾಕ್ಸ್11 ಕೋಶದೊಳಗಿನ ಪೆರಾಕ್ಸೈಡಿನ ಉರಿಯನ್ನು ಹದದಲ್ಲಿಡಲು ಬೇಕಾದದ್ದು. ಹದ ತಪ್ಪಿ ಟಪೀಟಮ್ ಮುಹೂರ್ತಕ್ಕೆ ಮುಂಚೆಯೇ ಸಾಯುತ್ತದೆ. ನಾಲ್ಕಾಗಿ ಹುಟ್ಟಿದ ಮಕ್ಕಳು ಉಣಿಸುವವರಿಲ್ಲದೆ, ಮುಂದಿನ ವಿಭಜನೆ ಕಾಣದೆ ಮುರುಟುತ್ತವೆ. ಒಂದು ಕೋಶದಷ್ಟು ದಪ್ಪದ ಪದರದ ಅಕಾಲ ಮರಣದ ಮೇಲೆ ಇಡೀ ಹೈಬ್ರಿಡ್ ಭತ್ತ ನಿಂತಿದೆ.

ಉಳಿದದ್ದು ‘ಆರ್’. ಮಂಡ್ಯದ ಕೆಎಂಆರ್-3 ಕೊಡುವುದೇನು? ಪುನಃಸ್ಥಾಪಕ ಜೀನುಗಳಲ್ಲಿ ಮುಖ್ಯವಾದವು ಎರಡು: ಹತ್ತನೆಯ ವರ್ಣತಂತುವಿನಲ್ಲಿರುವ ಆರ್‌ಎಫ್4, ಒಂದನೆಯದರಲ್ಲಿರುವ ಆರ್‌ಎಫ್3. 2014ರಲ್ಲಿ ಆರ್‌ಎಫ್4 ಜೀನನ್ನು ಬೇರ್ಪಡಿಸಿ ಓದಿದಾಗ ಅದರ ಕೆಲಸ ತಿಳಿಯಿತು. ಡಬ್ಲ್ಯುಎ352ರಿಂದ ಹೊರಡುವ ಆರ್‌ಎನ್‌ಎ ಪತ್ರಗಳನ್ನು ಅದು ತಗ್ಗಿಸುತ್ತದೆ. ಆರ್‌ಎಫ್3 ಪತ್ರ ಮುಟ್ಟದೆ ಪ್ರೋಟೀನು ಕೂಡಿಕೊಳ್ಳದಂತೆ ನೋಡಿಕೊಳ್ಳುತ್ತದೆ. ತಾಯಿಯ ಕಡೆಯ ಕೌದಿ ಜೀನು ಮಗುವಿನಲ್ಲೂ ಇರುತ್ತದೆ, ಆದರೆ ತಂದೆ ಕೊಟ್ಟ ಜೀನು ಅದರ ಬಾಯಿ ಮುಚ್ಚಿಸುತ್ತದೆ. ಟಪೀಟಮ್ ತನ್ನ ಕಾಲಕ್ಕೆ ಸಾಯುತ್ತದೆ, ಪರಾಗ ಮಾಗುತ್ತದೆ, ತೆನೆ ಬಾಗುತ್ತದೆ.

ಇಂಥ ಪುನಃಸ್ಥಾಪಕ ಜೀನುಗಳು ನಮ್ಮ ಸೀಮೆಯ ಇಂಡಿಕಾ ಭತ್ತಗಳಲ್ಲಿ ಅನೇಕ ಕಡೆ ಇವೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತಗಳನ್ನು ಪಾತಿ ಪಾತಿಯಾಗಿ ಬೆಳೆದು ಉಳಿಸಿದ್ದಾರೆ. ಆ ಸಾಲುಗಳ ನಡುವೆ ನಡೆದಾಗ ಕಾಳಿನ ಬಣ್ಣ, ಮೀಸೆಯ ಉದ್ದ ಕಣ್ಣಿಗೆ ಬೀಳುತ್ತವೆ. ಯಾವ ತಳಿ ಯಾವ ಹೂವಿನ ಕಾಯಿಲೆಗೆ ಮದ್ದು ಇಟ್ಟುಕೊಂಡಿದೆ ಎಂಬುದು ಕಾಣುವುದಿಲ್ಲ. ಅವನ್ನು ಉಳಿಸಬೇಕೆನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇಷ್ಟಾದರೂ ಅಪ್ಪನ ಪುಟ ಬಿಡಿಸಿಕೊಂಡಿರಲಿಲ್ಲ. ಮೂರು ಬಗೆಯ ಸೊನ್ನೆ, ಅದೂ ಮಳವಳ್ಳಿಯಲ್ಲಿ; ಬೀಜದ ಗದ್ದೆ ಇದ್ದದ್ದು ಮದ್ದೂರಿನಲ್ಲಿ. ಸೋದರಮಾವನ ಊರಿಗೆ ಹೋದೆ. ನಾಲೆಯ ಬಾಲದ ಊರು ಅದು. ನೀರು ಬಂದ ವರ್ಷ ಭತ್ತ, ಬಾರದ ವರ್ಷ ರಾಗಿ.

ರಾಗಿಯ ಮಾತು ಬಂದರೆ ಮಾವ ಈಗಲೂ ಇಂಡಾಫ್ ತಳಿಗಳ ಹೆಸರು ಎತ್ತುತ್ತಾರೆ. ಅವೂ ವಿ.ಸಿ. ಫಾರಂನಲ್ಲಿ ಹುಟ್ಟಿದವು. ‘ರಾಗಿ ಲಕ್ಷ್ಮಣಯ್ಯ’ ಎಂದು ನಾಡು ಕರೆದ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಎರಡೂ ನಾಡಿನ ಹೆಸರು ಕೂಡಿಸಿ ಇಂಡಾಫ್ ಎಂದರು. ಅವರಿಗೆ ‘ಎ’ ಸಾಲಿನ ಅನುಕೂಲವಿರಲಿಲ್ಲ. ರಾಗಿಯ ಹೂವು ಎಳ್ಳಿನಷ್ಟು; ಅದರೊಳಗೆ ಮೂರು ಕೇಸರ; ತೆರೆಯುವುದು ಬೆಳಕು ಹರಿಯುವ ಮುನ್ನ. ಚಿಮಟದಲ್ಲಿ ಕೇಸರ ಕೀಳಲು ಕೈಗೆಟುಕದ ಹೂವು. ಹಾಗಾಗಿ ರಾಗಿಯನ್ನು ಬೆರೆಸುವವರು ಎರಡು ತೆನೆಗಳನ್ನು ಮುಖಾಮುಖಿ ಕಟ್ಟಿ, ಪರಾಗ ತಾನಾಗಿ ದಾಟಲಿ ಎಂದು ಕಾದು, ಸಾವಿರಾರು ಸಸಿಗಳಲ್ಲಿ ಬೆರೆತ ಕೆಲವನ್ನು ಗಿಣ್ಣಿನ ಕೆನ್ನೇರಳೆ ಬಣ್ಣದಂಥ ಗುರುತಿನಿಂದ ಆರಿಸುತ್ತಾರೆ. ಒಂದೇ ಫಾರಂನ ಎರಡು ಬೆಳೆ: ಭತ್ತದಲ್ಲಿ ಹೂವಿನ ಕೊರತೆಯೇ ದಾರಿ ಮಾಡಿಕೊಟ್ಟಿತು, ರಾಗಿಯಲ್ಲಿ ಮನುಷ್ಯರ ತಾಳ್ಮೆ ದಾರಿ ಮಾಡಿತು.

ಪುಸ್ತಕದ ಪುಟ ತೋರಿಸಿದಾಗ ಮಾವ ಕನ್ನಡಕ ಏರಿಸಿ ನೋಡಿ ತಟ್ಟನೆ ಅಂದರು: ‘ಇದಾ? ಅವತ್ತು ನಾನು ಕೆಟ್ಟದ್ದು ಕಣವ್ವ. ಹೈಬ್ರಿಡ್ ಭತ್ತ ಚೆಂದಾಗಿ ಬಂದಿತ್ತು ಅಂತ ಅದ್ರದೇ ಕಾಳು ಎತ್ತಿಟ್ಟು ಮುಂದ್ಲ ಸಲ ಒಟ್ಲು ಬುಟ್ಟೆ. ಒಂದು ಗಿಡ ಮೇಲೆ, ಒಂದು ಗಿಡ ಕೆಳಗೆ. ಕೆಲವು ತುಂಬಿದ್ವು, ಕೆಲವು ಅರೆಬರೆ, ಕೆಲವು ಪೂರಾ ಜೊಳ್ಳು. ನಿಮ್ಮಪ್ಪ ಬಂದು ಬದೀಗೆ ಕೂತ್ಕಂಡು ಒಂದೊಂದೇ ಗುತ್ತಿ ಮುಟ್ಟಿ ಮುಟ್ಟಿ ಬರ್ಕಂಡ. ನಾನು ಅಳ್ತಿದ್ರೆ ಅವ್ನು ಸೊನ್ನೆ ಸುತ್ತುತಿದ್ದ.’

ಪುಟ ಬಿಡಿಸಿಕೊಂಡಿತು. ತುಂಬಿದ ತೆನೆಗೆ ಕಪ್ಪು ಸೊನ್ನೆ, ಅರೆಬರೆಗೆ ಅರ್ಧ, ಜೊಳ್ಳಿಗೆ ಬರಿ ಸೊನ್ನೆ. ಅಪ್ಪ ಬರೆದಿಟ್ಟದ್ದು ಕೆಆರ್‌ಎಚ್-2ರ ಎರಡನೆಯ ತಲೆಮಾರಿನ ನಕ್ಷೆ.

ಹೈಬ್ರಿಡ್ಡಿನ ಕಾಳನ್ನೇ ಬಿತ್ತಿದಾಗ ಕೌದಿ ಜೀನು ತಾಯಿಯಿಂದ ಎಲ್ಲ ಗಿಡಕ್ಕೂ ತಪ್ಪದೆ ಬರುತ್ತದೆ. ಅದರ ಬಾಯಿ ಮುಚ್ಚಿಸುವ ಜೀನುಗಳು ಮಾತ್ರ ಹಂಚಿಹೋಗುತ್ತವೆ. ಆರ್‌ಎಫ್ ಜೀನು ಸಾಕಷ್ಟು ಸಿಕ್ಕ ಗಿಡ ತುಂಬುತ್ತದೆ, ಅರೆಪಾಲು ಸಿಕ್ಕದ್ದು ಅರೆಬರೆ, ಏನೂ ಸಿಗದ್ದು ಹೈನಾನಿನ ಆ ಹುಲ್ಲಿನ ಹಾಗೆ ಬರಿದು. ಹೈದರಾಬಾದಿನ ಭತ್ತ ಸಂಶೋಧಕರು ಆರ್‌ಎಫ್3, ಆರ್‌ಎಫ್4 ಇರುವ ಜಾಗವನ್ನು ನಿಖರವಾಗಿ ಗುರುತಿಸಲು ಬಳಸಿದ್ದೂ ಇದೇ ಕೆಎಂಆರ್-3ರ ಸಂಕರದ ಎರಡನೆಯ ತಲೆಮಾರನ್ನು. ಅವರು ಗಿಡಗಳನ್ನು ಫಲವಂತ, ಅರೆ ಫಲವಂತ, ಬಂಜೆ ಎಂದು ವಿಂಗಡಿಸಿದರು. ಬೇರೆ ಗಿಡದ ಪರಾಗ ಸೋಕದಂತೆ ತೆನೆಗೆ ಕಾಗದದ ಚೀಲ ಕಟ್ಟುವುದು ಈ ಕೆಲಸದ ರೂಢಿ. ಅಪ್ಪ ಚೀಲ ಕಟ್ಟಿರಲಿಲ್ಲ. ಪಕ್ಕದ ಗುತ್ತಿಯ ಪರಾಗ ಬಿದ್ದು ಜೊಳ್ಳಾಗಬೇಕಾದ ತೆನೆಯಲ್ಲಿ ಒಂದಷ್ಟು ಕಾಳು ಕೂತಿರಬಹುದು, ಕೆಲವು ಬರಿ ಸೊನ್ನೆ ಅರ್ಧ ಸೊನ್ನೆಯಾಗಿರಬಹುದು. ಆದರೆ ಮೂರೇ ಬಗೆ ಎಂದು ಅವರು ಕಂಡದ್ದು ಸರಿ. ಅವು ಗದ್ದೆಯ ಮೂಲೆಯಲ್ಲಿ ಒಟ್ಟಾಗಿರದೆ ಎಲ್ಲೆಡೆ ಚೆದುರಿರುವುದನ್ನು ಮನೆ ಮನೆಯಾಗಿ ಗುರುತಿಸಿದ್ದೂ ಸರಿ. ಗೊಬ್ಬರದ ಕೊರತೆಯಾಗಿದ್ದರೆ ಜೊಳ್ಳು ಒಂದು ಕಡೆ ಗುಂಪಾಗಿರಬೇಕಿತ್ತು. ತಪ್ಪು ಮಣ್ಣಿನದಲ್ಲ, ಬೀಜದೊಳಗಿನದು ಎಂದು ಆ ನಕ್ಷೆಯೇ ಹೇಳುತ್ತಿತ್ತು. ಆಮೇಲೆ ಅವರು ಸರಿಯಾದ ಪ್ರಶ್ನೆ ಕೇಳಿ ಪುಟ ಮುಗಿಸಿದ್ದರು. ಡಬ್ಲ್ಯುಎ352ರ ಹೆಸರು ಹುಟ್ಟುವುದಕ್ಕೆ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚಿತ್ತು.

ಊರಿಗೆ ಮರಳಿ ಪುಸ್ತಕದ ಮುಂದಿನ ಪುಟಗಳನ್ನು ಹೊಸ ಕಣ್ಣಿನಿಂದ ಓದಿದೆ. ‘ಜಿಎ ಹೊಡೆದದ್ದು’ ಎಂಬ ಲೆಕ್ಕ ಈಗ ಅರ್ಥವಾಯಿತು. ‘ಎ’ ಸಾಲಿನ ತೆನೆ ಹೊಡೆಯಿಂದ ಪೂರ್ತಿ ಹೊರಗೆ ಬರುವುದಿಲ್ಲ, ಕತ್ತು ಒಳಗೇ ಸಿಕ್ಕಿಕೊಳ್ಳುತ್ತದೆ. ಕತ್ತು ನೀಳವಾಗಲಿ ಎಂದು ಜಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ. 1926ರಲ್ಲಿ ಕುರೊಸಾವ ಎಂಬ ಜಪಾನಿ ವಿಜ್ಞಾನಿ ಭತ್ತದ ಸಸಿಯನ್ನು ವಿಪರೀತ ಉದ್ದ ಮಾಡಿ ಕೊಲ್ಲುವ ಬೂಷ್ಟು ರೋಗವನ್ನು ಬೆನ್ನಟ್ಟಿದಾಗ ಸುಳಿವು ಸಿಕ್ಕ ವಸ್ತು ಅದು. ಭತ್ತದ ಒಂದು ಬೇನೆಯಿಂದ ಬಂದ ಮದ್ದು, ಭತ್ತದ ಇನ್ನೊಂದು ಬೇನೆಯ ಮೇಲೆ ಕೆಲಸ ಮಾಡುತ್ತಿತ್ತು.

ಅದರಾಚೆಯ ಪುಟ ಕೂಲಿಯದು. ಹಗ್ಗ ಎಳೆದ ದಿನಗಳು, ಎದುರಿಗೆ ಹೆಂಗಸರ ಹೆಸರುಗಳು. ಅಮ್ಮನದೂ ಇದೆ, ನನ್ನದೂ ಇದೆ. ಕಲಬೆರಕೆ ಗಿಡ ಕಿತ್ತವರು, ಹಿರಿ ಎಲೆಯ ತುದಿ ಕತ್ತರಿಸಿ ಪರಾಗಕ್ಕೆ ದಾರಿ ಬಿಡಿಸಿದವರು, ಹತ್ತರ ಬಿಸಿಲಿಗೆ ಬದುವಿನಲ್ಲಿ ನಿಂತವರು. ನಾನು ಓದಿದ ಸಂಶೋಧನಾ ಬರಹಗಳಲ್ಲಿ ಜೀನುಗಳಿಗೆ ಹೆಸರಿದೆ, ವರ್ಣತಂತುಗಳಿಗೆ ಸಂಖ್ಯೆಯಿದೆ, ತಳಿಗೆ ತಂದೆತಾಯಿಯ ದಾಖಲೆಯಿದೆ. ಈ ಕೈಗಳ ಹೆಸರಿರುವುದು ಈ ಪುಸ್ತಕದಲ್ಲಿ ಮಾತ್ರ. ಹೂವಿನೊಳಗೆ ಉಣಿಸಿ ಮರೆಯಾಗುವ ಆ ತೆಳು ಪದರವನ್ನು ಅರಿಯಲು ವಿಜ್ಞಾನಕ್ಕೆ ನಾಲ್ಕು ದಶಕ ಬೇಕಾಯಿತು. ಹೊಲದಲ್ಲಿ ಹಾಗೆಯೇ ಉಣಿಸಿ ಮರೆಯಾದವರನ್ನು ಬರೆದಿಡಲು ನಾವು ಅಷ್ಟು ತಡ ಮಾಡಬಾರದು.

‘ಯಾಕೆ?’ ಎಂಬುದರ ಕೆಳಗೆ ಜಾಗವಿತ್ತು. ಪೆನ್ಸಿಲ್ ತೆಗೆದುಕೊಂಡು ಅಪ್ಪನಿಗೆ ತಿಳಿಯುವ ಮಾತಿನಲ್ಲಿ ಬರೆದೆ: ‘ತಾಯಿ ಕಡೆಯ ಕೊರತೆ ಎಲ್ಲ ಗಿಡಕ್ಕೂ ಬಂತು. ತಂದೆ ಕಡೆಯ ಮದ್ದು ಕೆಲವಕ್ಕೆ ಮಾತ್ರ ಬಂತು.’